ನಮ್ಮಪ್ಪನಿಗೂ ಐಟಿ ಕಂಪನಿಯಲ್ಲೇ ಕೆಲಸ

ಊರಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ಬೆಂಗ್ಳೂರಲ್ಲಿ ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರೆ?’ ಪಾವಗಡದ ಕಡೆಯ ನಮ್ಮ ಹಳ್ಳಿಯಲ್ಲಿ ಇದಕ್ಕೆ ನಾನು ಬಾಯಿ ಬಿಡುವ ಮೊದಲೇ ಅಜ್ಜಿ ಉತ್ತರ ಕೊಟ್ಟಿರುತ್ತಾಳೆ: ‘ಐಟಿ ಕಂಪ್ನೀಲಿ.’ ಸುಳ್ಳೇನಲ್ಲ. ಅಪ್ಪ ಹನ್ನೆರಡು ವರ್ಷದಿಂದ ಎಲೆಕ್ಟ್ರಾನಿಕ್ ಸಿಟಿಯ ಒಂದು ಟೆಕ್ ಪಾರ್ಕಿನ ಗೇಟಿನಲ್ಲಿದ್ದಾರೆ. ಸೆಕ್ಯೂರಿಟಿ ಗಾರ್ಡ್. ಕಟ್ಟಡದ ಮೇಲಿನ ಹೆಸರು ಒಂದು, ಅಪ್ಪನ ಐಡಿ ಕಾರ್ಡಿನಲ್ಲಿರುವ ಹೆಸರು ಇನ್ನೊಂದು. ಸಂಬಳ ಕೊಡುವ ಏಜೆನ್ಸಿ ಇಷ್ಟರಲ್ಲಿ ಮೂರು ಸಲ ಬದಲಾಗಿದೆ. ಗೇಟು ಮಾತ್ರ ಅದೇ.

ಅಮ್ಮ ಹೊಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ನಾನು ಮೆಕ್ಯಾನಿಕಲ್ ಬಿಇ, ಐದನೇ ಸೆಮಿಸ್ಟರ್ ಮುಗಿಸಿದ್ದೇನೆ. ಎರಡನೇ ವರ್ಷದ ಫೀಸಿಗೆ ಅಮ್ಮ ಪಿಎಫ್‌ನಿಂದ ಮುಂಗಡ ತೆಗೆದಿದ್ದಳು. ಈಗ ಮತ್ತೊಂದು ಮುಂಗಡದ ಮಾತು ಮನೆಯಲ್ಲಿ ಎದ್ದಿತ್ತು. ಕಾರಣ ನಾನೇ. ಕ್ಲಾಸಿನ ಅರ್ಧ ಜನ ಜಾವಾ, ಪೈಥಾನ್ ಕೋರ್ಸಿಗೆ ಸೇರಿದ್ದರು. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದು ಬೋರ್ಡ್ ಹಾಕಿಕೊಂಡ ಕೋಚಿಂಗ್ ಸೆಂಟರೊಂದರಲ್ಲಿ ವಿಚಾರಿಸಿ ಬಂದಿದ್ದೆ. ಅವರು ಹೇಳಿದ ಫೀಸು ಅಮ್ಮನ ನಾಲ್ಕು ತಿಂಗಳ ಸಂಬಳಕ್ಕಿಂತ ಜಾಸ್ತಿ. ‘ಮೆಕ್ಯಾನಿಕಲ್ ಓದಿದ್ರೆ ಬೆಂಗ್ಳೂರಲ್ಲಿ ಕೆಲ್ಸ ಎಲ್ಲಿದೆ?’ ಎಂದು ಅಲ್ಲಿನ ಕೌನ್ಸೆಲರ್ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೈದು ವರ್ಷದಿಂದ ಇದೇ ಊರಲ್ಲಿದ್ದೇನೆ, ಆದರೂ ಇರಲಿಲ್ಲ.

ಹಣ ಕಟ್ಟುವ ಮೊದಲು ಒಂದು ತಿಂಗಳ ರಜೆಯಲ್ಲಿ ಇಂಟರ್ನ್‌ಶಿಪ್ ಹುಡುಕೋಣ ಎಂದುಕೊಂಡೆ. ಹೊಂಗಸಂದ್ರದಲ್ಲಿ ಹಳದಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿಯುವುದು. ಹತ್ತು ದಿನ ಹೀಗೆ ಓಡಾಡಿದ ಮೇಲೆ ಒಂದು ವಿಷಯ ಹೊಳೆಯಿತು. ಈ ಊರಿನ ಉದ್ಯೋಗದ ಚರಿತ್ರೆಯನ್ನು ಮೆಟ್ರೊ ನಿಲ್ದಾಣಗಳ ಹೆಸರುಗಳೇ ಹೇಳುತ್ತಿವೆ. ದಕ್ಷಿಣದಲ್ಲಿ ಹೆಬ್ಬಗೋಡಿಗೆ ಬಯೋಕಾನ್ ಹೆಸರು ಅಂಟಿದೆ, ಕೋನಪ್ಪನ ಅಗ್ರಹಾರಕ್ಕೆ ಇನ್ಫೋಸಿಸ್ ಪ್ರತಿಷ್ಠಾನದ್ದು. ಉತ್ತರಕ್ಕೆ ಬಂದರೆ ಯಶವಂತಪುರಕ್ಕಿಂತ ಮೊದಲು ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’. ಮೈಸೂರು ಸಂಸ್ಥಾನದ ಕಾಲದ ಸರ್ಕಾರಿ ಸಾಬೂನು. ನೂರು ವರ್ಷ ದಾಟಿದರೂ ನಮ್ಮ ಬಚ್ಚಲಿನಲ್ಲಿ ಇನ್ನೂ ಇದೆ. ಗಾರ್ಮೆಂಟ್ಸ್ ಹೆಸರಿನ ನಿಲ್ದಾಣ ಮಾತ್ರ ನನ್ನ ದಾರಿಯಲ್ಲಿ ಒಂದೂ ಸಿಗಲಿಲ್ಲ. ಬೊಮ್ಮನಹಳ್ಳಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಊಟದ ಬ್ಯಾಗು ಹಿಡಿದು ಓಡುವ ಹೆಂಗಸರನ್ನು ನೋಡಿದವರಿಗೆ ಇದು ವಿಚಿತ್ರ ಅನಿಸದೆ ಇರದು.

ಬೆಂಗಳೂರು ಎಂದರೆ ಸಾಫ್ಟ್‌ವೇರ್ ಎನ್ನುವ ಮಾತಿಗೆ ವಯಸ್ಸು ಕಡಿಮೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. ಸ್ವಾತಂತ್ರ್ಯ ಬಂದ ಮೇಲೆ ಸಾಲು ಸಾಲಾಗಿ 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಯಂತ್ರ ಮಾಡುವ ಎಚ್‌ಎಂಟಿ, 1954ರಲ್ಲಿ ರೇಡಿಯೊ, ರಾಡಾರ್‌ಗಳ ಬಿಇಎಲ್. ಖಾಸಗಿಯವರಲ್ಲಿ ಆಡುಗೋಡಿಯ ಮೈಕೊ, ಅಂದರೆ ಈಗಿನ ಬಾಷ್. ನಮ್ಮ ಕಾಲೇಜಿನ ಹಿರಿಯ ಲ್ಯಾಬ್ ಇನ್‌ಸ್ಟ್ರಕ್ಟರ್ ಈ ಹೆಸರುಗಳನ್ನು ನಮ್ಮಜ್ಜಿ ದೇವರ ಹೆಸರು ಹೇಳುವ ಹಾಗೆ ಹೇಳುತ್ತಾರೆ. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಕ್ಯಾಂಟೀನು, ಕೊನೆಗೆ ಪಿಂಚಣಿ ಅಥವಾ ಗ್ರಾಚ್ಯುಟಿ. ಒಬ್ಬರಿಗೆ ಕೆಲಸ ಸಿಕ್ಕರೆ ಇಡೀ ಮನೆ ದಡ ಸೇರುತ್ತಿತ್ತು.

ಆಮೇಲೆ ಬಂದ ಸಾಫ್ಟ್‌ವೇರ್ ಆಕಾಶದಿಂದ ಉದುರಿದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಈ ಕಾರ್ಖಾನೆಗಳು, ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳು ಸೇರಿ ಎಂಜಿನಿಯರುಗಳ ಗುಂಪನ್ನೇ ಕಟ್ಟಿಟ್ಟಿದ್ದವು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ 1970ರ ದಶಕದ ಕೊನೆಯಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. ಹೆಸರೇ ಹೇಳುವಂತೆ ಅದು ಸಾಫ್ಟ್‌ವೇರ್ ಸಿಟಿಯಾಗಿ ಹುಟ್ಟಿದ್ದಲ್ಲ. ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಇಲ್ಲಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಮುಂದಿನದು ನಿಮಗೆಲ್ಲ ಗೊತ್ತು.

ಎಲ್ಲರೂ ಉಳಿಯಲಿಲ್ಲ. ಬಿನ್ನಿ ಮಿಲ್ ಇಲ್ಲ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಮುಚ್ಚಿತು. ತಾತನ ಕೈಗಡಿಯಾರ ಮಾಡಿದ ಎಚ್‌ಎಂಟಿಯ ಹಳೆಯ ಗಡಿಯಾರಗಳನ್ನು ಈಗ ಜಾಲಹಳ್ಳಿಯ ಮ್ಯೂಸಿಯಂನಲ್ಲಿ ನೋಡಬೇಕು. ‘ಸರ್ಕಾರಿ ಕಾರ್ಖಾನೆ, ಮುಚ್ಚೋದೇ ಇಲ್ಲ’ ಎಂದು ನಂಬಿದವರ ಮಕ್ಕಳೇ ಆಮೇಲೆ ‘ಐಟಿ ಯಾವತ್ತೂ ಬೀಳಲ್ಲ’ ಎಂದರು. ಲೇಆಫ್ ಸುದ್ದಿ ಬಂದಾಗಲೆಲ್ಲ ನನಗೆ ಆ ಮ್ಯೂಸಿಯಂ ನೆನಪಾಗುತ್ತದೆ.

ಪೀಣ್ಯಕ್ಕೆ ಬರೋಣ. ಇಲ್ಲಿ ದೊಡ್ಡ ಬೋರ್ಡುಗಳು ಕಡಿಮೆ. ಒಂದೊಂದು ಗಲ್ಲಿಯಲ್ಲೂ ಶೆಡ್ಡುಗಳು. ಒಂದರಲ್ಲಿ ಹೀಟ್ ಟ್ರೀಟ್‌ಮೆಂಟ್, ಪಕ್ಕದಲ್ಲಿ ಪ್ಲೇಟಿಂಗ್, ಎದುರಿಗೆ ಸ್ಪ್ರಿಂಗ್. ಒಬ್ಬರು ಕೊರೆದದ್ದನ್ನು ಇನ್ನೊಬ್ಬರು ಉಜ್ಜುತ್ತಾರೆ, ಮತ್ತೊಬ್ಬರು ಬಣ್ಣ ಹೊಡೆಯುತ್ತಾರೆ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಪ್ರದೇಶದಲ್ಲಿ ಈಗ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ನಾನು ಹತ್ತಿಳಿದ ಮೆಟ್ಟಿಲು ಎಷ್ಟೋ. ಹೆಚ್ಚಿನವರು ‘ಜಾಗ ಇಲ್ಲಪ್ಪ’ ಎಂದರು. ಒಬ್ಬರು ನನ್ನ ರೆಸ್ಯೂಮೆಯನ್ನು ಬೀಸಣಿಗೆ ಮಾಡಿಕೊಂಡರು. ಹನ್ನೊಂದನೇ ದಿನ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಅರವತ್ತರ ಆಸುಪಾಸಿನ ಮಾಲೀಕರು ಕೂರಿಸಿ ಮಾತಾಡಿಸಿದರು. ಹುಡುಗರಾಗಿದ್ದಾಗ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವರು. ರೆಸ್ಯೂಮೆ ನೋಡಲೇ ಇಲ್ಲ. ಒಂದು ಉಕ್ಕಿನ ಬುಷ್, ಒಂದು ವರ್ನಿಯರ್ ಕೈಗಿಟ್ಟು, ‘ಅಳತೆ ಹೇಳಿ. ಪಾಸೋ ರಿಜೆಕ್ಟೋ ಅದನ್ನೂ ಹೇಳಿ’ ಅಂದರು. ಡ್ರಾಯಿಂಗಿನಲ್ಲಿ 24.50 ಮಿ.ಮೀ., ಹೆಚ್ಚುಕಡಿಮೆ 0.05.

ಬುಷ್ ಸ್ವಲ್ಪ ಓರೆಯಾಗಿ ಹಿಡಿದೆನೋ, ಗೆರೆ ಸರಿಯಾಗಿ ನೋಡಲಿಲ್ಲವೋ, ‘24.50 ಸರ್, ಪಾಸ್’ ಎಂದೆ. ಅವರು ಅಳೆದು ತೋರಿಸಿದರು: 24.58. ರಿಜೆಕ್ಟ್. ‘ಮೆಟ್ರಾಲಜಿಯಲ್ಲಿ ಎಷ್ಟು ಮಾರ್ಕ್ಸು?’ 82 ಎಂದೆ. ನಗಲಿಲ್ಲ. ‘ಈ ಪೀಸ್ ಹೋಗಿದ್ರೆ ಇಡೀ ಲಾಟ್ ವಾಪಸ್ ಬರೋದು. ಲಾಟ್ ವಾಪಸ್ ಬಂದ್ರೆ ದುಡ್ಡು ಬರಲ್ಲ. ಇಲ್ಲಿ ಹದಿನಾಲ್ಕು ಜನ ಇದೀವಿ.’ ಆಮೇಲೆ, ‘ಸೋಮವಾರ ಬನ್ನಿ. ಸ್ಟೈಪೆಂಡ್ ಇಲ್ಲ, ಊಟ ಇದೆ’ ಅಂದರು.

ಆ ಹದಿನಾಲ್ಕು ಜನರಲ್ಲಿ ಎಂಜಿನಿಯರ್ ಒಬ್ಬರೇ. ಉಳಿದವರು ಐಟಿಐ, ಡಿಪ್ಲೊಮಾ, ಒಬ್ಬರು ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಕಲಿತವರು. ಸಿಎನ್‌ಸಿಗೆ ಪ್ರೋಗ್ರಾಂ ಬರೆಯುವ ಹಾಸನದ ಅಣ್ಣನ ಎದುರು ನಮ್ಮ ಕ್ಲಾಸಿನ ಕೋಡಿಂಗ್ ಹುಲಿಗಳು ಕಿವಿ ಮುಚ್ಚಿಕೊಳ್ಳಬೇಕು, ಅಷ್ಟು ಬೈಗುಳ. ಆದರೆ ಕೆಲಸ ಕಲಿಸಿದವರೂ ಅವರೇ. ಅವರು ಒಂದು ಸಾಲು ತಪ್ಪು ಬರೆದರೆ ಸ್ಕ್ರೀನ್ ಮೇಲೆ ಎರರ್ ಬರುವುದಿಲ್ಲ, ಟೂಲ್ ಮುರಿದು ಹಾರುತ್ತದೆ. ಶೆಡ್ಡಿನ ತಲೆನೋವು ಬೇರೆಯೇ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ದೊಡ್ಡ ಗಿರಾಕಿಗಳನ್ನು ಕಾಯ್ದೆ ಹಿಡಿದು ಕೇಳಿದರೆ ಮುಂದಿನ ಆರ್ಡರ್ ಬರುತ್ತದೆಯೇ? ಮಾಲೀಕರು ಕೇಳುವುದಿಲ್ಲ. ಆ ವಾರ ಓವರ್‌ಟೈಮ್ ನಿಲ್ಲುತ್ತದೆ, ಗಲ್ಲಿಯ ಟೀ ಅಂಗಡಿಯಲ್ಲಿ ಸಾಲದ ಪುಸ್ತಕ ದಪ್ಪವಾಗುತ್ತದೆ.

ಅಲ್ಲಿಗೆ ಬರುತ್ತಿದ್ದ ಸೀನಿಯರ್ ಒಬ್ಬರಿಂದ ಇನ್ನೊಂದು ಸಂಗತಿ ತಿಳಿಯಿತು. ‘ಐಟಿ ಪಾರ್ಕ್’ ಎಂದು ನಾವು ಕರೆಯುವ ಕಟ್ಟಡಗಳಲ್ಲಿ ಎಲ್ಲರೂ ಕೋಡ್ ಬರೆಯುತ್ತಿಲ್ಲ. ವೈಟ್‌ಫೀಲ್ಡಿನ ಜಿಇ ಕೇಂದ್ರದಲ್ಲಿ ವಿಮಾನದ ಎಂಜಿನ್ ವಿನ್ಯಾಸದ ಕೆಲಸ ನಡೆಯುತ್ತದೆ. ಬೆಂಜ್, ಏರ್‌ಬಸ್, ಬಾಷ್‌ಗಳಿಗೂ ಇಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಜಿಸಿಸಿ ಎನ್ನುವ ಇಂಥ ಕೇಂದ್ರಗಳು ದೇಶದಲ್ಲೇ ಹೆಚ್ಚು ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಥರ್ಮೊಡೈನಾಮಿಕ್ಸ್ ಕೇಳುತ್ತಾರೆ, ಜೊತೆಗೆ ಪೈಥಾನನ್ನೂ ಕೇಳುತ್ತಾರೆ. ಹಾಗಾಗಿ ಕೌನ್ಸೆಲರ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಬಿಇಎಲ್, ಎಚ್‌ಎಎಲ್‌ನಂಥವು ಬಿಇ ಮುಗಿಸಿದವರನ್ನು ಒಂದು ವರ್ಷದ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. ಪ್ರಕಟಣೆ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಬರುತ್ತದೆ. ನಮ್ಮ ಕ್ಲಾಸಿನಲ್ಲಿ ಕೇಳಿದೆ, ಅರವತ್ತು ಜನರಲ್ಲಿ ಆ ಹೆಸರು ಗೊತ್ತಿದ್ದದ್ದು ನಾಲ್ವರಿಗೆ.

ಅಮ್ಮನ ಪಿಎಫ್ ವಿಚಾರ ಹೇಳದೆ ಮುಗಿಸಲಾರೆ. 2016ರ ಏಪ್ರಿಲ್‌ನಲ್ಲಿ ನನಗೆ ಹತ್ತು ವರ್ಷ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಐಟಿ ಬಸ್ಸುಗಳೆಲ್ಲ ನಿಂತವು. ಎರಡನೇ ದಿನ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ಪಡೆಯಿತು. ಅಮ್ಮನೂ ಆ ಗುಂಪಿನಲ್ಲಿದ್ದಳು. ಅಪ್ಪ ಅದೇ ಟ್ರಾಫಿಕ್ಕಿನಲ್ಲಿ ಸಿಕ್ಕಿ ಡ್ಯೂಟಿಗೆ ತಡವಾಗಿ, ಅರ್ಧ ದಿನದ ಸಂಬಳ ಕಳೆದುಕೊಂಡರು. ಇವತ್ತಿಗೂ ಇಬ್ಬರೂ ಅದರ ಮೇಲೆ ಜಗಳ ಆಡುತ್ತಾರೆ. ಅಂಥ ದುಡ್ಡನ್ನು ಬೋರ್ಡ್ ನೋಡಿ ಕೋಚಿಂಗ್ ಸೆಂಟರಿಗೆ ಕಟ್ಟಲು ನನಗೆ ಕೈ ಬರಲಿಲ್ಲ. ಪೈಥಾನ್ ಅನ್ನು ರಾತ್ರಿ ಹೊತ್ತು ಪುಕ್ಕಟೆ ವಿಡಿಯೊ ನೋಡಿ ಕಲಿಯುತ್ತಿದ್ದೇನೆ, ನಿಧಾನವಾಗಿ. ಅರ್ಜಿಗೆ ಸಹಿ ಬೇಡ ಎಂದು ಅಮ್ಮನಿಗೆ ಹೇಳಿದ್ದು ಇಂಟರ್ನ್‌ಶಿಪ್ಪಿನ ಕೊನೆಯ ವಾರ.

‘ಸರಿ ಬಿಡು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, ‘ನಿಮ್ಮ ಶೆಡ್ಡಲ್ಲಿ ಗಂಟೆಗೆ ಎಷ್ಟು ಪೀಸು?’

‘ಒಂದು ಮೆಷಿನ್ನಿಗೆ ಹನ್ನೊಂದು.’

‘ಅಷ್ಟೇನಾ? ನಮ್ಮ ಲೈನಲ್ಲಿ ಅಷ್ಟು ಮಾಡಿದ್ರೆ ಮಧ್ಯಾಹ್ನದೊಳಗೆ ಮನೆಗೆ ಕಳಿಸ್ತಾರೆ.’