ಎರೆಭೂತದ ಕಣ್ಣು

ಚಿತ್ರದುರ್ಗದ ಕಡೆಯ ಓದುಗರೊಬ್ಬರು, ತಮ್ಮ ಹೊಲದ ಬದುವಿನ ಮೇಲೆ ನಿಂತರೆ ಎದುರಿನ ಗುಡ್ಡಸಾಲಿನುದ್ದಕ್ಕೂ ಕಾಣುವ ಗಾಳಿಯಂತ್ರಗಳನ್ನು, ಅಲ್ಲಿಯ ಜನರ ಮಾತಿನಲ್ಲಿ ಹೇಳುವುದಾದರೆ ‘ಫ್ಯಾನು’ಗಳನ್ನು, ಬಹುಕಾಲದಿಂದ ನೋಡುತ್ತ ಬಂದು, ಈಚೆಗೆ ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾರೆ. ಈ ಯಂತ್ರಗಳು ಮೋಡಗಳನ್ನು ಚದುರಿಸಿ ಮಳೆಯನ್ನು ಓಡಿಸುತ್ತವೆಯೆಂದು ಊರಿನ ಹಿರಿಯರು ಹೇಳುವುದು ದಿಟವೆ ಎಂಬುದು ಮೊದಲನೆಯದು. ಮುಗಿಲೆತ್ತರದಿಂದ ಹುಲ್ಲಿನ ನಡುವಣ ಇಲಿಯನ್ನು ಗುರುತಿಸಬಲ್ಲ ಪಕ್ಷಿಯು, ತೆಂಗಿನ ಮರಕ್ಕಿಂತ ಎತ್ತರವಾದ ಕಂಬವನ್ನೂ ಅದರಿಂದ ಹೊರಟ ತಂತಿಯನ್ನೂ ಕಾಣದೆ ಬಡಿದು ಸಾಯುವುದೆಂದರೆ ನಂಬುವುದು ಹೇಗೆ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಒಂದೇ ಮಾತಿನದು: ದಿಟವಲ್ಲ. ನಮ್ಮ ನೈಋತ್ಯ ಮಾರುತವು ಅರಬ್ಬೀ ಸಮುದ್ರದಿಂದ ಹೊತ್ತು ತರುವ ಆರ್ದ್ರವಾಯುವಿನ ಪದರವು ಕಿಲೋಮೀಟರುಗಟ್ಟಲೆ ದಪ್ಪವಾದುದು. ಅದರ ತಳದಲ್ಲಿ ನೂರೋ ನೂರೈವತ್ತೋ ಮೀಟರು ಎತ್ತರಕ್ಕೆ ಮೂರು ಅಲಗುಗಳನ್ನು ತಿರುಗಿಸುವ ಕಂಬವು ಗಾಳಿಯನ್ನು ಹುಟ್ಟಿಸುವುದೂ ಇಲ್ಲ, ಮೋಡವನ್ನು ನೂಕುವುದೂ ಇಲ್ಲ. ಬೀಸುವ ಗಾಳಿಯಿಂದ ಒಂದಿಷ್ಟು ಬಲವನ್ನು ಪಡೆದುಕೊಳ್ಳುವುದಷ್ಟೇ ಅದರ ಕೆಲಸ. ಮನೆಯ ಸೂರಿನಲ್ಲಿ ತೂಗುವ ಫ್ಯಾನು ಗಾಳಿಯನ್ನು ಬೀಸುತ್ತದೆಯಾದುದರಿಂದ ಗುಡ್ಡದ ಮೇಲಿನ ಫ್ಯಾನೂ ಬೀಸುತ್ತಿರಬೇಕೆಂದು ಜನ ಭಾವಿಸಿದರೆಂದು ತೋರುತ್ತದೆ. ಹೆಸರು ಒಂದಾದ ಮಾತ್ರಕ್ಕೆ ಗುಣವೂ ಒಂದೆಂದು ನಂಬುವುದು ಮೌಢ್ಯಗಳಲ್ಲೆಲ್ಲ ಹಳೆಯದು. ಮಳೆ ಬಾರದ ವರ್ಷದಲ್ಲಿ ಅಪರಾಧಿಯನ್ನು ಹುಡುಕುವ ಮನಸ್ಸು ಸಹಜವಾದರೂ, ಕೆರೆಯ ಹೂಳನ್ನು ತೆಗೆಯದೆ ಗಾಳಿಯಂತ್ರವನ್ನು ಶಪಿಸುತ್ತ ಕುಳಿತುಕೊಳ್ಳುವುದರಿಂದ ಯಾವ ಹೊಲವೂ ಹಸುರಾಗಲಾರದು.

ಎರಡನೆಯ ಪ್ರಶ್ನೆಯಾದರೋ ನನಗೆ ಬಹಳ ಸಂತೋಷವನ್ನು ಕೊಟ್ಟಿತು. ಏಕೆಂದರೆ ಪಕ್ಷಿಯ ಕಣ್ಣನ್ನು ಕುರಿತು ಈಚಿನ ವರ್ಷಗಳಲ್ಲಿ ತಿಳಿದುಬಂದಿರುವ ಅತ್ಯಂತ ಚಮತ್ಕಾರದ ಸಂಗತಿಯೇ ಅದರ ಉತ್ತರದಲ್ಲಿ ಅಡಗಿದೆ.

ಇಲ್ಲಿ ಅಲಗಿನ ವಿಷಯವನ್ನೂ ತಂತಿಯ ವಿಷಯವನ್ನೂ ಬೇರೆಬೇರೆಯಾಗಿ ನೋಡಬೇಕು. ದೂರದಿಂದ ನೋಡುವವನಿಗೆ ಅಲಗು ಮಂದವಾಗಿ, ಆಲಸ್ಯದಿಂದ ತಿರುಗುವಂತೆ ಕಂಡರೂ, ನೂರು ಮೀಟರು ವ್ಯಾಸದ ಚಕ್ರವು ನಿಮಿಷಕ್ಕೆ ಹದಿನೈದು ಸುತ್ತು ತಿರುಗಿದರೆ ಅದರ ತುದಿಯು ಗಂಟೆಗೆ 280 ಕಿಲೋಮೀಟರು ವೇಗದಲ್ಲಿ ಧಾವಿಸುತ್ತಿರುತ್ತದೆ. ಹತ್ತಿರ ಬಂದ ಹಕ್ಕಿಯ ಅಕ್ಷಿಪಟಲದ ಮೇಲೆ ಅಷ್ಟು ವೇಗದ ಬಿಂಬವು ಕಲಸಿಹೋಗಿ, ಇದ್ದ ವಸ್ತುವೇ ಇಲ್ಲದಂತೆ, ಆಚೆಯ ಆಕಾಶವೇ ಕಾಣುವಂತೆ ಆಗುತ್ತದೆ. ನಾರ್ವೆ ದೇಶದ ಸ್ಮೋಲಾ ದ್ವೀಪದಲ್ಲಿ ಬಿಳಿಬಾಲದ ಕಡಲಹದ್ದುಗಳು ಹೀಗೆ ಸಾಯುತ್ತಿದ್ದುದನ್ನು ಕಂಡ ವಿಜ್ಞಾನಿಗಳು 2013ರಲ್ಲಿ ನಾಲ್ಕು ಯಂತ್ರಗಳ ಮೂರು ಅಲಗುಗಳಲ್ಲಿ ಒಂದಕ್ಕೆ ಮಾತ್ರ ಕಪ್ಪು ಬಣ್ಣವನ್ನು ಬಳಿಸಿದರು. ಮುಂದಿನ ವರ್ಷಗಳಲ್ಲಿ ಆ ಯಂತ್ರಗಳ ಬುಡದಲ್ಲಿ ಪಕ್ಷಿಗಳ ಸಾವು, ಬಣ್ಣ ಬಳಿಯದ ನೆರೆಯ ಯಂತ್ರಗಳೊಡನೆ ಹೋಲಿಸಿದಾಗ, ಶೇಕಡಾ 70ಕ್ಕಿಂತಲೂ ಹೆಚ್ಚು ಇಳಿದಿತ್ತು. ನಾಲ್ಕೇ ಯಂತ್ರಗಳ ಪರೀಕ್ಷೆಯಾದುದರಿಂದ ಇದನ್ನು ಕಡೆಯ ಮಾತೆಂದು ಹಿಡಿಯಲಾಗದು; ಆದರೆ ಒಂದು ಕುಂಚ ಬಣ್ಣದಿಂದ ಇಷ್ಟಾಗುವುದಾದರೆ ನಮ್ಮ ಗುಡ್ಡಗಳ ಮೇಲೂ ಪರೀಕ್ಷಿಸಿ ನೋಡುವುದಕ್ಕೆ ಏನು ಅಡ್ಡಿಯೆಂದು ನಾನು ಕೇಳಬಯಸುತ್ತೇನೆ.

ಹಕ್ಕಿಯನ್ನು ಕೊಲ್ಲದೆಯೂ ಯಂತ್ರವು ಅದನ್ನು ಆ ನೆಲದಿಂದ ದೂರವಿಡಬಲ್ಲುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಸುಂದರವಾದ ನಿದರ್ಶನ. ಗಾಳಿಯಂತ್ರಗಳಿರುವ ಕಡೆ ಹದ್ದು ಗಿಡುಗಗಳಂಥ ಬೇಟೆಹಕ್ಕಿಗಳು, ಯಂತ್ರಗಳಿಲ್ಲದ ಪಕ್ಕದ ಬಯಲಿಗಿಂತ ಸುಮಾರು ನಾಲ್ಕು ಪಾಲು ವಿರಳವಾಗಿದ್ದುವು. ಅವುಗಳ ಭಯವಿಲ್ಲದೆ, ಗಂಟಲಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಣ್ಣದ ಚೀಲವುಳ್ಳ ಒಂದು ಜಾತಿಯ ಓತಿಕೇತಗಳು ವಿಪುಲವಾಗಿ ಬೆಳೆದಿದ್ದುವು. ಆ ಓತಿಗಳ ರಕ್ತದಲ್ಲಿ ಕಳವಳದ ಹಾರ್ಮೋನು ಕಡಮೆ. ಮನುಷ್ಯನು ಬಹಳ ಹತ್ತಿರ ಬರುವವರೆಗೆ ಅವು ಓಡವು. ಆದರೆ ಒಂದೇ ನೆಲದಲ್ಲಿ ಬಾಯಿಗಳು ಹೆಚ್ಚಾದುದರಿಂದಲೋ ಏನೋ ಮೈ ಬಡಕಲು, ಗಂಟಲಿನ ಬಣ್ಣವೂ ಮಂಕು. ಆಕಾಶದಲ್ಲಿ ಅಲಗು ತಿರುಗಿದ್ದಕ್ಕೆ ನೆಲದಲ್ಲಿ ಓತಿಯ ಕೊರಳಿನ ನೀಲಿ ಕುಂದಿತೆಂದರೆ, ಪ್ರಕೃತಿಯ ಹೆಣಿಗೆ ಎಂಥದೆಂದು ಯೋಚಿಸಿರಿ.

ಆದರೂ ನಮ್ಮ ದೇಶದಲ್ಲಿ ದೊಡ್ಡ ಹಕ್ಕಿಗಳ ಪಾಲಿಗೆ ಅಲಗಿಗಿಂತ ಘೋರವಾದ ವೈರಿಯೆಂದರೆ ತಂತಿ. ಗಾಳಿಯಿಂದಾಗಲಿ ಬಿಸಿಲಿನಿಂದಾಗಲಿ ಹುಟ್ಟಿದ ವಿದ್ಯುತ್ತನ್ನು ಊರಿಗೆ ತಲಪಿಸುವುದಕ್ಕೆ ತಂತಿ ಬೇಕು. ಗಾಳಿಯೂ ಬಿಸಿಲೂ ಹೇರಳವಾಗಿರುವುದು ಮರವಿಲ್ಲದ ಬಯಲುಗಳಲ್ಲಿ. ಅಂಥ ಬಯಲುಗಳಲ್ಲೇ ಬಾಳುವ ಹಕ್ಕಿಯೊಂದು ನಮ್ಮಲ್ಲಿದೆ. ಕಪ್ಪು ಮಣ್ಣಿನ ಹೊಲಗಳಲ್ಲಿ, ಮುಂಜಾವದ ಮಬ್ಬಿನಲ್ಲಿ, ಮನುಷ್ಯನ ಸೊಂಟಕ್ಕಿಂತ ಎತ್ತರವಾಗಿ ನಿಃಶಬ್ದವಾಗಿ ನಡೆದುಹೋಗುವ ಅದನ್ನು ನಮ್ಮ ಉತ್ತರದ ಜಿಲ್ಲೆಗಳ ಒಕ್ಕಲಿಗರು ‘ಎರೆಭೂತ’ವೆಂದು ಕರೆದರು, ‘ದೊರವಾಯನ ಹಕ್ಕಿ’ಯೆಂಬ ಗಂಭೀರವಾದ ಹೆಸರೂ ಅದಕ್ಕುಂಟು. ರಾಜಸ್ಥಾನದವರಿಗೆ ಅದು ಗೋಡಾವಣ್, ಅವರ ರಾಜ್ಯಪಕ್ಷಿ. ಗಂಡಿನ ತೂಕ 15 ಕಿಲೋಗ್ರಾಮಿನವರೆಗೆ ಇರಬಹುದಾಗಿದ್ದು, ಲೋಕದ ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದುವುಗಳ ಪಂಕ್ತಿಗೆ ಅದು ಸೇರಿದೆ. 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಗುವುದಕ್ಕೆ ಮುಂಚೆ, ಆ ಸ್ಥಾನಕ್ಕೆ ಎರೆಭೂತವೇ ತಕ್ಕುದೆಂದು ಪಕ್ಷಿತಜ್ಞ ಸಲೀಂ ಅಲಿಯವರು ವಾದಿಸಿದ್ದರು. ಇಂದು ಉಳಿದಿರುವುವು ಸುಮಾರು 150. ಬಹುಪಾಲು ಜೈಸಲ್ಮೇರಿನ ಸುತ್ತ, ಬೆರಳೆಣಿಕೆಯಷ್ಟು ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ.

ಈ ಹಕ್ಕಿಯ ಕಣ್ಣು ದೊಡ್ಡದು, ದೃಷ್ಟಿಯೂ ತೀಕ್ಷ್ಣವಾದುದು. ಹಾಗಾದರೆ ತಂತಿಯೇಕೆ ಕಾಣದು?

ಉತ್ತರಕ್ಕಾಗಿ ಮೊದಲು ಮನೆಯಂಗಳದ ಕೋಳಿಯನ್ನು ನೋಡಿರಿ. ಆಕಾಶದಲ್ಲಿ ಹದ್ದು ಸುಳಿದರೆ ಕೋಳಿಯು ನಮ್ಮಂತೆ ಮುಖವನ್ನು ಮೇಲಕ್ಕೆತ್ತುವುದಿಲ್ಲ. ತಲೆಯನ್ನು ಪಕ್ಕಕ್ಕೆ ವಾಲಿಸಿ, ಒಂದೇ ಕಣ್ಣನ್ನು ಮೇಲಕ್ಕೆ ಮಾಡಿ ನಿಲ್ಲುತ್ತದೆ. ಬಾಲ್ಯದಲ್ಲಿ ಇದನ್ನು ನೋಡಿ ನಾನು ಕೋಳಿಯು ಏನನ್ನೋ ಆಲಿಸುತ್ತಿದೆಯೆಂದು ತಿಳಿದಿದ್ದೆ. ಅದು ಆಲಿಸುತ್ತಿರಲಿಲ್ಲ, ನೋಡುತ್ತಿತ್ತು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಬಹುತೇಕ ಹಕ್ಕಿಗಳ ಅತ್ಯಂತ ಸ್ಪಷ್ಟವಾದ ನೋಟವು ಪಕ್ಕದ ಕಡೆಗೇ ಹೊರತು ಮುಂದಿನ ಕಡೆಗಲ್ಲ. ಕೊಕ್ಕಿನ ನೇರಕ್ಕೆ ಎರಡು ಕಣ್ಣುಗಳ ನೋಟವೂ ಕೂಡುವ ಒಂದು ಕಿರಿದಾದ ಸೀಳು ಮಾತ್ರ ಇದ್ದು, ಕಾಳನ್ನು ಕುಕ್ಕುವುದಕ್ಕೂ ಮರಿಗೆ ಗುಟುಕು ಕೊಡುವುದಕ್ಕೂ ಅದು ಸಾಕಾಗುತ್ತದೆ. ಹಕ್ಕಿಯು ಮುಂದೆ ಹಾರುವಾಗ ಮುಂದನ್ನೇ ನೋಡುತ್ತಿರಬೇಕೆಂಬುದು, ಮುಖದಲ್ಲಿ ಕಣ್ಣುಗಳನ್ನು ಮುಂದಕ್ಕೆ ಇಟ್ಟುಕೊಂಡು ಹುಟ್ಟಿದ ನಮ್ಮ ಕಲ್ಪನೆ.

ಬ್ರಿಟನ್ನಿನ ಗ್ರಹಾಂ ಮಾರ್ಟಿನ್ ಮತ್ತು ದಕ್ಷಿಣ ಆಫ್ರಿಕಾದ ಜೆಸಿಕಾ ಶಾ ಎಂಬ ವಿಜ್ಞಾನಿಗಳು ಎರೆಭೂತದ ಹತ್ತಿರದ ಬಂಧುವಾದ ಆಫ್ರಿಕಾದ ಕೋರಿ ಬಸ್ಟರ್ಡ್, ನೀಲಿ ಕ್ರೌಂಚ, ಬಿಳಿ ಕೊಕ್ಕರೆ ಈ ಮೂರರ ದೃಷ್ಟಿಕ್ಷೇತ್ರವನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ಹಕ್ಕಿಗೆ ನೋವಾಗದಂತೆ ಅದನ್ನು ಮೆತ್ತೆಯಲ್ಲಿ ಹಿಡಿದು, ತಲೆಯನ್ನು ಅಲುಗದಂತೆ ಇರಿಸಿ, ನೇತ್ರವೈದ್ಯರು ಉಪಯೋಗಿಸುವ ದೀಪದ ಕನ್ನಡಿಯನ್ನು ಅದರ ಸುತ್ತ ಡಿಗ್ರಿ ಡಿಗ್ರಿಯಾಗಿ ಸರಿಸುತ್ತ ಹೋದರು. ಯಾವ ಕೋನದಿಂದ ನೋಡಿದಾಗ ಕಣ್ಣಿನೊಳಗಿನ ಅಕ್ಷಿಪಟಲವು ಬೆಳಗುತ್ತದೆಯೋ ಆ ಕೋನವು ಹಕ್ಕಿಗೆ ಕಾಣುವ ಎಡೆ, ಬೆಳಗದ ಕೋನವು ಅದಕ್ಕೆ ಕುರುಡು. ಹೀಗೆ ತಿಳಿದುಬಂದುದೇನೆಂದರೆ, ಈ ಹಕ್ಕಿಗಳ ನೆತ್ತಿಯ ಮೇಲಣ ಕಡೆಗೆ ವಿಸ್ತಾರವಾದ ಒಂದು ಅಂಧಪ್ರದೇಶವಿದೆ. ತಲೆಯನ್ನು ಸಮವಾಗಿ ಹಿಡಿದು ಹಾರುವವರೆಗೆ ಈ ಕುರುಡು ಮೇಲೆಯೇ ಇರುವುದರಿಂದ ತೊಂದರೆಯಿಲ್ಲ. ಆದರೆ ಕೆಳಗೆ ಮೇವಿದೆಯೆ, ತನ್ನ ಜೊತೆಯ ಹಕ್ಕಿಗಳಿವೆಯೆ, ಇಳಿಯುವುದಕ್ಕೆ ಎಡೆಯಿದೆಯೆ ಎಂದು ನೋಡುವುದಕ್ಕಾಗಿ ಅದು ತಲೆಯನ್ನು ತಗ್ಗಿಸಿತೋ, ನೆತ್ತಿಯ ಕುರುಡು ಬಾಗಿ ಮುಂದಕ್ಕೆ ಬಂದು ಅದರ ದಾರಿಯನ್ನೇ ಮುಚ್ಚಿಬಿಡುತ್ತದೆ. ಕೋರಿ ಬಸ್ಟರ್ಡಿಗೆ ಕೇವಲ 25 ಡಿಗ್ರಿಯಷ್ಟು ತಲೆಬಾಗಿದರೆ ಸಾಕು. ಕ್ರೌಂಚಕ್ಕೆ 35 ಡಿಗ್ರಿ ಬೇಕು. ಬಿಳಿ ಕೊಕ್ಕರೆಗಾದರೆ 55.

ತಲೆಯ ಮೇಲೆ ಹುಲ್ಲಿನ ಹೊರೆಯನ್ನು ಹೊತ್ತು ಸಂಜೆ ಮನೆಗೆ ಬರುವ ರೈತನನ್ನು ನೆನೆಯಿರಿ. ಹೊರೆಯ ಹುಲ್ಲು ಹಣೆಯ ಮೇಲೆ ಇಳಿಬಿದ್ದಿರುತ್ತದೆ. ಕಾಲಡಿಯ ಕಲ್ಲು ಮುಳ್ಳುಗಳೆಲ್ಲ ಅವನಿಗೆ ಚೆನ್ನಾಗಿ ಕಾಣುತ್ತವೆ. ಎದೆಯ ಎತ್ತರಕ್ಕೆ ಬಾಗಿದ ಜಾಲಿಯ ಕೊಂಬೆ ಮಾತ್ರ ಮೈಗೆ ತಾಗಿದ ಮೇಲೆಯೇ ತಿಳಿಯುವುದು. ಅವನನ್ನು ಕುರುಡನೆಂದು ಯಾರೂ ಹೇಳರು. ಎರೆಭೂತವೂ ಹಾಗೆಯೇ ಕುರುಡಲ್ಲ. ನೋಡಬೇಕಾದುದನ್ನು ನೋಡುತ್ತಿದೆ, ಅದು ನೆಲದ ಮೇಲಿದೆ. ಲಕ್ಷಾಂತರ ವರ್ಷಗಳಿಂದ ಮರವಿಲ್ಲದ ಹುಲ್ಲುಬಯಲಿನ ಮೇಲೆ ಹಾರಿದ ಅದರ ಪೂರ್ವಜರಿಗೆ, ಆಕಾಶದ ನಡುವೆ ಅಡ್ಡವಾಗಿ ಏನಾದರೂ ಇರಬಹುದೆಂದು ಶಂಕಿಸುವ ಪ್ರಮೇಯವೇ ಬಂದಿರಲಿಲ್ಲ. ನೆತ್ತಿಯ ಕಡೆಯ ಆ ಕುರುಡು ದೋಷವೂ ಅಲ್ಲ. ಬಯಲಿನ ಪ್ರಖರ ಸೂರ್ಯನು ದೊಡ್ಡ ಕಣ್ಣಿನೊಳಗೆ ನೇರವಾಗಿ ಬೀಳದಂತೆ ಹುಬ್ಬಿನ ಏಣು ಕೊಡೆ ಹಿಡಿದುದರ ಫಲವದು ಎಂದು ತಿಳಿದವರು ಊಹಿಸುತ್ತಾರೆ.

ಕೊನೆಯ ಗಳಿಗೆಯಲ್ಲಿ ತಂತಿ ಕಂಡಿತೆಂದೇ ಇಟ್ಟುಕೊಳ್ಳೋಣ. ಅಷ್ಟು ಭಾರದ ಮೈಯನ್ನು ಗುಬ್ಬಚ್ಚಿಯಂತೆ ಥಟ್ಟನೆ ತಿರುಗಿಸಲಾಗದು. ದಪ್ಪನೆಯ ವಿದ್ಯುತ್ ತಂತಿಗಳನ್ನು ಕಂಡು ಮೇಲಕ್ಕೇರಿದ ಹಕ್ಕಿಯೂ, ಸಿಡಿಲಿನಿಂದ ರಕ್ಷಣೆಗೆಂದು ಎಲ್ಲಕ್ಕಿಂತ ಮೇಲೆ ಎಳೆದಿರುವ ಸಣ್ಣ ಭೂತಂತಿಗೆ ತಾಗಿ ಬೀಳುವುದುಂಟು. ಥಾರ್ ಮರುಭೂಮಿಯ 4,200 ಚದರ ಕಿಲೋಮೀಟರು ಪ್ರದೇಶವೊಂದರಲ್ಲೇ ಎಲ್ಲ ಜಾತಿಯವೂ ಸೇರಿ ವರ್ಷಕ್ಕೆ ಎಂಬತ್ತು ಸಾವಿರಕ್ಕೂ ಮಿಕ್ಕ ಹಕ್ಕಿಗಳು ತಂತಿಗಳಿಂದ ಸಾಯುತ್ತವೆಂದು ಭಾರತೀಯ ವನ್ಯಜೀವಿ ಸಂಸ್ಥೆಯವರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುವ ಎರೆಭೂತವು ಇಂಥ ನಷ್ಟವನ್ನು ತುಂಬಿಕೊಳ್ಳುವುದು ಹೇಗೆ?

ವನ್ಯಜೀವಿ ಸಂರಕ್ಷಣಾ ಶಾಸನದ ರಚನೆಯಲ್ಲಿ ಕೈಯಿದ್ದ ಎಂ. ಕೆ. ರಂಜಿತ್‌ಸಿಂಹರು ಈ ಹಕ್ಕಿಯ ಪರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 2021ರ ಏಪ್ರಿಲಿನಲ್ಲಿ ನ್ಯಾಯಾಲಯವು ಅದರ ನೆಲೆಗಳಲ್ಲಿ ತಂತಿಗಳನ್ನು ಸಾಧ್ಯವಾದೆಡೆ ಭೂಮಿಯೊಳಗೆ ಹುದುಗಿಸಬೇಕೆಂದು ಆದೇಶಿಸಿತು. ಸುಮಾರು 99,000 ಚದರ ಕಿಲೋಮೀಟರಿಗೆ ಅನ್ವಯಿಸಿದ ಆ ಆದೇಶವು ಕಾರ್ಯಸಾಧ್ಯವಲ್ಲವೆಂದು ಸರಕಾರವು ಬಿನ್ನವಿಸಿಕೊಂಡ ಮೇಲೆ, 2024ರ ಮಾರ್ಚಿನಲ್ಲಿ ಅದನ್ನು ಸಡಿಲಿಸಿ, ತಜ್ಞರ ಸಮಿತಿಯೊಂದಕ್ಕೆ ವಿಚಾರವನ್ನು ಒಪ್ಪಿಸಿತು. ಅತ್ಯಧಿಕ ವೋಲ್ಟೇಜಿನ ತಂತಿಯನ್ನು ಬಹುದೂರ ನೆಲದೊಳಗೆ ಒಯ್ಯುವುದು ನಿಜವಾಗಿಯೂ ಕಠಿಣವಾದ ಕೆಲಸ. ಅದನ್ನು ನಾನು ಅಲ್ಲಗಳೆಯಲಾರೆ. ಕಲ್ಲಿದ್ದಲನ್ನು ಸುಟ್ಟು ಕಾಯಿಸಿದ ಲೋಕದಲ್ಲಿ ಯಾವ ಹಕ್ಕಿಗೂ ಸುಖವಿಲ್ಲವಾದುದರಿಂದ ಬಿಸಿಲಿನ, ಗಾಳಿಯ ವಿದ್ಯುತ್ತು ಬೇಕೇ ಬೇಕು. ಆದರೆ ಸಣ್ಣ ತಂತಿಗಳನ್ನು ಹುದುಗಿಸುವುದು, ದೊಡ್ಡವನ್ನು ಒಂದೇ ದಾರಿಯಲ್ಲಿ ಕೂಡಿಸಿ ಒಯ್ಯುವುದು, ಉಳಿದವಕ್ಕೆ ಹೊಳೆಯುವ ಬಿಲ್ಲೆಗಳನ್ನು ತೂಗುಹಾಕುವುದು ಕಠಿಣವಲ್ಲ. ತಲೆ ತಗ್ಗಿಸಿ ಹಾರುವ ಹಕ್ಕಿಗೆ ಬಿಲ್ಲೆಯೂ ಕಾಣದಿರಬಹುದೆಂಬುದನ್ನು ಮಾತ್ರ ಮೇಲಿನ ಶೋಧವು ಎಚ್ಚರಿಸುತ್ತದೆ. ಆದುದರಿಂದ ಅವು ಉಳಿದಿರುವ ಬಯಲಿನ ಮೇಲೆ ಹೊಸ ತಂತಿಯನ್ನು ಎಳೆಯದಿರುವುದೇ ಎಲ್ಲಕ್ಕಿಂತ ಖಂಡಿತವಾದ ಉಪಾಯ.

ಅದಕ್ಕೆ ಅಡ್ಡ ಬರುವುದು ‘ಬಂಜರು’ ಎಂಬ ಒಂದು ಶಬ್ದ. ಮರವಿಲ್ಲದ ನೆಲವೆಲ್ಲ ನಮ್ಮ ಲೆಕ್ಕಪತ್ರಗಳಲ್ಲಿ ಬಂಜರಾಗಿಬಿಡುತ್ತದೆ. ಬಂಜರಾದ ಮೇಲೆ ಅದರ ಮೇಲೆ ಏನನ್ನು ಹರಡಿದರೂ ಉಪಕಾರವೆಂದೇ ಎಣಿಕೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಒಂದು ಕಾಲಕ್ಕೆ ಎರೆಭೂತವಿತ್ತು. ಬಯಲನ್ನು ಕಾಡು ಮಾಡುವ ಉತ್ಸಾಹದಲ್ಲಿ ಅಲ್ಲಿ ನೀಲಗಿರಿ ಮರಗಳನ್ನು ಬೆಳೆಸಲಾಯಿತು. ಹಕ್ಕಿ ಈಗ ಅಲ್ಲಿಲ್ಲ. ಗಾಳಿಯಂತ್ರವೂ ಸೌರಫಲಕವೂ ಬರುವುದಕ್ಕೆ ಮುಂಚೆಯೇ ನಡೆದ ಕಥೆಯಿದು. ಪಾವಗಡದ ಸೌರಪಾರ್ಕಿಗೆ ರೈತರು ಗೇಣಿಗೆ ಕೊಟ್ಟ ಸುಮಾರು 13,000 ಎಕರೆ ನೆಲದಿಂದ 2,050 ಮೆಗಾವಾಟ್ ವಿದ್ಯುತ್ತು ಬರುತ್ತಿರುವುದು ಬರದ ಸೀಮೆಗೆ ದೊಡ್ಡ ಲಾಭವೇ ಸರಿ. ಆದರೆ ಇಂಥ ಮುಂದಿನ ಪಾರ್ಕಿಗೆ ನೆಲವನ್ನು ಆರಿಸುವವರು, ಅಲ್ಲಿ ಒಂದು ವರ್ಷದ ಆರೂ ಋತುಗಳಲ್ಲಿ ಯಾವ ಹಕ್ಕಿ ಇಳಿಯುತ್ತದೆಯೆಂಬುದನ್ನು ನೋಡಿ ಬರೆದಿಟ್ಟುಕೊಂಡ ಮೇಲೆ ಆರಿಸಬೇಕು.

ಅವರಿಗೆ ನೆರವಾಗಬಲ್ಲವರು ಓದುಗರಲ್ಲಿಯೇ ಇದ್ದಾರೆ. ಬಳ್ಳಾರಿ, ಧಾರವಾಡ, ಗದಗ, ಹಾವೇರಿಗಳ ಕಡೆ, ಬಾಲ್ಯದಲ್ಲಿ ಎರೆಭೂತವನ್ನು ಕಂಡಿದ್ದ ಹಿರಿಯರು ಇನ್ನೂ ಇರಬಹುದು. ಯಾವ ಊರಿನ ಯಾವ ಹೊಲ, ಆಗ ನಿಂತಿದ್ದ ಬೆಳೆ ಜೋಳವೋ ಹತ್ತಿಯೋ, ಯಾವ ತಿಂಗಳು, ಒಂಟಿಯಾಗಿತ್ತೋ ಜೊತೆಯಿತ್ತೋ, ಇವನ್ನು ಅವರಿಂದ ಕೇಳಿ ಬರೆದು ಕಳುಹಿಸಿರಿ. ಈಗಲೂ ಅದನ್ನು ಕಂಡವರಿದ್ದರೆ ಮಾತ್ರ ಆ ಸ್ಥಳವನ್ನು ಪತ್ರಿಕೆಗೆ ಬರೆಯಬೇಡಿರಿ. ಅರಣ್ಯ ಇಲಾಖೆಗೆ ತಿಳಿಸಿರಿ.