ಕನ್ನಡಕ್ಕೆ ಬಂದ ಯೂರೋಪಿನ ತತ್ತ್ವ

ರೇಡಿಯೋ ಭಾಷಣಗಳಲ್ಲಿ ‘ಅನುಭವವಾದ’, ‘ಅಸ್ತಿತ್ವವಾದ’ ಎಂಬ ಮಾತುಗಳು ತಮ್ಮ ಕಿವಿಗೂ ಬಿದ್ದಿರಬಹುದು. ಇವು ಯೂರೋಪಿನ ತತ್ತ್ವಗಳಿಗೆ ನಾವಿಟ್ಟ ಹೆಸರುಗಳು.

ಆ ತತ್ತ್ವಗಳು ನಮ್ಮ ಸೀಮೆಗೆ ಬಂದುದು ಇಂಗ್ಲಿಷಿನ ಮೂಲಕ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರವರೆಗೆ ಪ್ರಾಧ್ಯಾಪಕರಾಗಿದ್ದ ರಾಧಾಕೃಷ್ಣನ್ ಅವರು ಬೆರ್ಗ್‌ಸನ್ ಮೊದಲಾದವರನ್ನು ವಿಮರ್ಶಿಸಿ 1920ರಲ್ಲಿ ಪ್ರಕಟಿಸಿದ ಗ್ರಂಥ ಇಂಗ್ಲಿಷಿನದು. ನಮ್ಮ ಹಿರಿಯಣ್ಣನವರು 1932ರಲ್ಲಿ ಭಾರತೀಯ ದರ್ಶನಗಳನ್ನು ನಿರೂಪಿಸಿದುದೂ ಆ ಭಾಷೆಯಲ್ಲಿಯೇ. ಪಾರಸಿಗರು ಬೇರೆ ದಾರಿ ಹಿಡಿದರು. ಇಬ್ನ್ ಸೀನಾನಂಥವನು ತತ್ತ್ವ ಬರೆದಿದ್ದ ತಮ್ಮ ನುಡಿಯಲ್ಲಿ, 1930ರ ದಶಕದ ವೇಳೆಗೆ, ಮೊಹಮ್ಮದ್ ಅಲಿ ಫೊರೂಘಿ ಯೂರೋಪಿನ ತತ್ತ್ವದ ಇತಿಹಾಸವನ್ನು ಬರೆದು, ದೇಕಾರ್ತನನ್ನೂ ಅನುವಾದಿಸಿಕೊಟ್ಟರು.

ಕನ್ನಡಕ್ಕೇನು ಪದಗಳ ಬಡತನವೇ? ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ಬರೆದ. ಕುಣಿಗಲ್ ತಾಲ್ಲೂಕಿನ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು ಷಟ್‌ಸ್ಥಲವನ್ನು ವಚನಗಳಲ್ಲಿಯೇ ವಿವರಿಸಿದರು. ಪೇಚೆಂದರೆ, ಪದಗಳೆಲ್ಲ ಹೀಗೆ ಮೊದಲೇ ಅರ್ಥ ತುಂಬಿಕೊಂಡು ಕುಳಿತಿವೆ.

ಇಂದ್ರಿಯಗಳ ಮೂಲಕವೇ ಅರಿವಿನ ಸಾಮಗ್ರಿ ನಮಗೆ ಒದಗುತ್ತದೆಂದು ಇಂಗ್ಲೆಂಡಿನ ಲಾಕ್ ವಾದಿಸಿದ. ಅದಕ್ಕೆ ‘ಅನುಭವವಾದ’ ಎಂದೆವು. ಸರಿಯೇ. ಆದರೆ ತುಮಕೂರು, ಗುಬ್ಬಿಗಳಲ್ಲಿ ವಚನ ಕೇಳಿ ಬೆಳೆದವರ ಕಿವಿಗೆ ‘ಅನುಭಾವ’ ಬಲು ಹತ್ತಿರದ್ದು. ಅದು ಇಂದ್ರಿಯಗಳನ್ನು ಮೀರಿದ ಅರಿವು. ಒಂದು ದೀರ್ಘ ಬಂದರೆ ಸಿದ್ಧಾಂತವೇ ತಲೆಕೆಳಗು!

ಫ್ರಾನ್ಸಿನ ಸಾರ್ತ್ರನದು ಇನ್ನೂ ತೊಡಕಿನ ಪ್ರಸಂಗ. ಆತನ 1943ರ ಗ್ರಂಥದಲ್ಲಿ ಒಂದು ನಿದರ್ಶನವಿದೆ. ಗೆಳೆಯನನ್ನು ಅರಸಿ ಕಾಫಿ ಅಂಗಡಿಗೆ ಹೋಗುತ್ತೀರಿ, ಅವನಿಲ್ಲ. ಆ ‘ಇಲ್ಲ’ ಎಂಬುದು ಮೇಜಿನಲ್ಲಿಲ್ಲ, ಕುರ್ಚಿಯಲ್ಲಿಲ್ಲ; ನಿರೀಕ್ಷಿಸುತ್ತಿದ್ದ ನಿಮ್ಮ ಪ್ರಜ್ಞೆಯೇ ಅದನ್ನು ಅಲ್ಲಿಗೆ ತಂದಿತು. ಇದನ್ನು ‘ಶೂನ್ಯ’ ಎಂದರೆ ಶರಣರ ಶೂನ್ಯ ಅಡ್ಡ ಬರುತ್ತದೆ. ಅದು ಸಾಧಕನ ಪರಮಪದ. ವೈಶೇಷಿಕರ ‘ಅಭಾವ’ವೆನ್ನೋಣವೇ? ಅವರಿಗೆ ಅಭಾವ ಒಂದು ಪದಾರ್ಥ, ಹೊರಗೇ ಇರುವಂಥದು. ‘ಇಲ್ಲದಿರುವಿಕೆ’ ಎಂಬ ಮಾತು ಉದ್ದವಾದರೂ ನನಗೆ ಅದೇ ಮೇಲೆನಿಸುತ್ತದೆ. ಪಂಡಿತರು ಮೂಗು ಮುರಿದಾರು, ಮುರಿಯಲಿ.

ಇಷ್ಟಕ್ಕೂ ಅಸ್ತಿತ್ವವಾದವನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿದವರು ಪರಿಭಾಷಾಕಾರರಿಗಿಂತ ಕಾದಂಬರಿಕಾರರು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲಿ ಬಂತು, ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ. ಅಗ್ರಹಾರದಲ್ಲಿ ಹೆಣ ಕಾದಿದೆ, ಪ್ರಾಣೇಶಾಚಾರ್ಯರು ಓಲೆಗರಿಗಳನ್ನೆಲ್ಲ ತಿರುವಿಹಾಕಿದ್ದಾರೆ, ಶಾಸ್ತ್ರದಲ್ಲಿ ಉತ್ತರವಿಲ್ಲ. ಸಾರ್ತ್ರನ ಹೆಸರನ್ನೇ ಕೇಳದ ಓದುಗನಿಗೂ ಆಚಾರ್ಯರ ಆ ಇಕ್ಕಟ್ಟು ಅರ್ಥವಾಗುತ್ತದೆ.