ಎಳೆಯರ ವ್ಯಾಪಾರದ ಹಂಬಲ, ಹಿರಿಯರ ಅಂಜಿಕೆ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹಾದಿಯಲ್ಲಿ, ಚೌಡಾಪುರದ ಬಳಿ ದೇವಲ ಗಾಣಗಾಪುರದ ಕಡೆಗೆ ರಸ್ತೆ ಹೊರಳುತ್ತದೆ. ಹುಣ್ಣಿಮೆ ಬಂತೆಂದರೆ ಮಹಾರಾಷ್ಟ್ರದ ಯಾತ್ರಿಕರೂ ನಮ್ಮ ಸೀಮೆಯ ಭಕ್ತರೂ ಈ ಹಾದಿ ಹಿಡಿಯುತ್ತಾರೆ. ಇಂತಹ ಊರಿನಲ್ಲಿ ಬೆಳೆದ ಹುಡುಗನಿಗೆ ಕೊಳ್ಳುವವರ ಅಗತ್ಯವೇನೆಂಬುದು ತಾನೇ ಕಾಣುತ್ತದೆ. ಆದರೆ ಅವನು "ನೌಕರಿ ಒಲ್ಲೆ, ಸ್ವಂತ ಉದ್ಯೋಗ ಮಾಡುತ್ತೇನೆ" ಎಂದೊಡನೆ ಮನೆಯವರ ಮುಖ ಬಾಡುತ್ತದೆ. ಈ ಅಂಜಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. ಮಳೆಯನ್ನೇ ನಂಬಿದ ತೊಗರಿಯ ನಾಡಿನಲ್ಲಿ ತಿಂಗಳ ಸಂಬಳ ಸಣ್ಣ ಮಾತಲ್ಲ. ಆದರೂ ವೇದಿಕೆಯ ಮೇಲೆ ಕಾಯಕವನ್ನು ಕೊಂಡಾಡಿ, ಮನೆಗೆ ಬಂದು ಸರಕಾರಿ ನೌಕರಿಯ ವರನನ್ನೇ ಹುಡುಕುವವರೂ ನಾವೇ ಅಲ್ಲವೇ?

ಗದುಗಿನ ವಿಜಯ ಸಂಕೇಶ್ವರರ ಬಾಳು ಇಲ್ಲಿ ನೆನಪಿಗೆ ಬರುತ್ತದೆ. 1950ರಲ್ಲಿ ಜನಿಸಿದ ಅವರದು ಮುದ್ರಣ, ಪುಸ್ತಕ ಪ್ರಕಾಶನದ ಮನೆತನ. ಅದನ್ನು ಬಿಟ್ಟು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಾಣಿಕೆಗೆ ಇಳಿದರು. ತಂದೆಯವರಿಗೆ ಈ ದಾರಿ ಹಿಡಿಸಿರಲಿಲ್ಲ. 1978ರಲ್ಲಿ ಹುಬ್ಬಳ್ಳಿಗೆ ನೆಲೆ ಬದಲಿಸಿದರು, ಮುಂದೆ ವಿ.ಆರ್.ಎಲ್. ದೇಶದ ದೊಡ್ಡ ಸಾಗಾಣಿಕೆ ಸಂಸ್ಥೆಗಳಲ್ಲೊಂದಾಯಿತು. 2020ರಲ್ಲಿ ಪದ್ಮಶ್ರೀ ಬಂತು. ಒಂದು ಲಾರಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಲಾರಿಗಿಂತ ಹಿಂದಿನ ವರ್ಷಗಳನ್ನು ಹೇಳುವವರು ಕಡಿಮೆ. ಎಳೆವಯಸ್ಸಿನಲ್ಲೇ ಮನೆಯ ಮುದ್ರಣಾಲಯದಲ್ಲಿ ದುಡಿದು ಪಳಗಿದ್ದ ಅವರು ಲಾರಿ ಕೊಂಡಾಗ ಇಪ್ಪತ್ತೈದು ದಾಟಿದ್ದರು.

ಆದ್ದರಿಂದ ಹದಿನಾರರ ಮಗನಿಗೆ ಸಾಲ ತಂದು ಅಂಗಡಿ ಹಾಕಿಕೊಡುವುದು ಜಾಣತನವೆಂದು ನಮಗೆ ತೋರುವುದಿಲ್ಲ. 1872ರ ಕರಾರು ಕಾಯಿದೆಯಂತೆ ಹದಿನೆಂಟು ತುಂಬದವರ ಕರಾರಿಗೆ ಬಲವಿಲ್ಲ. ಸಾಲದ ಹೊರೆ ಕೊನೆಗೆ ಬೀಳುವುದು ತಂದೆಯ ಹೊಲದ ಮೇಲೆಯೇ. ಆದರೆ 1932ರ ಪಾಲುದಾರಿಕೆ ಕಾಯಿದೆಯು, ಎಲ್ಲ ಪಾಲುದಾರರೂ ಒಪ್ಪಿದರೆ, ಎಳೆಯರನ್ನು ಲಾಭದ ಪಾಲಿಗೆ ಸೇರಿಸಿಕೊಳ್ಳಲು ಅವಕಾಶವಿತ್ತಿದೆ. ನಷ್ಟಕ್ಕೆ ಅವರು ವೈಯಕ್ತಿಕವಾಗಿ ಹೊಣೆಯಲ್ಲ. ಮನೆಯ ಅಂಗಡಿಯುಳ್ಳವರು ಇದನ್ನು ವಿಚಾರಿಸಬಹುದು.

ಅಂಗಡಿಯಿಲ್ಲದವರು ಮಗನ ಕೈಗೆ, ಮಗಳ ಕೈಗೂ, ಮೊದಲು ಕಿರ್ದಿ ಪುಸ್ತಕವನ್ನು ಕೊಡಲಿ. ಉದ್ರಿ ಎಷ್ಟು, ರೋಖ ಎಷ್ಟು, ಮನೆಮಂದಿಯ ದುಡಿಮೆಯ ಕೂಲಿ ಹಿಡಿದರೆ ಉಳಿದದ್ದೆಷ್ಟು ಎಂದು ಬರೆಯಲಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಹೀಗಿದ್ದೂ ನಮ್ಮಲ್ಲಿ ಅನೇಕರು ರಾಶಿ ಮುಗಿದೊಡನೆ ಕಾಳನ್ನು ಮಾರಿ, ಬೇಸಿಗೆಯಲ್ಲಿ ಬೇಳೆಯನ್ನು ಕೊಳ್ಳುತ್ತೇವೆ. ಒಂದು ಕ್ವಿಂಟಲ್ ಕಾಳಿಗೆ ಸುಮಾರು 70ರಿಂದ 75 ಕಿಲೋ ಬೇಳೆ ಬರುತ್ತದೆ. ಹೊಟ್ಟು, ನುಚ್ಚು ದನಗಳಿಗಾಗುತ್ತದೆ. ಒಡೆಸುವ ಕೂಲಿ, ಚೀಲ, ಬಾಡಿಗೆಗಳನ್ನು ಕಳೆದು ಏನುಳಿಯುತ್ತದೆಂದು ಈ ಸುಗ್ಗಿಯಲ್ಲಿ ಮನೆಯ ಒಂದೇ ಚೀಲದ ಮೇಲೆ ಮಕ್ಕಳೇ ಲೆಕ್ಕ ಹಾಕಿ ನೋಡಲಿ.